ಎಲ್ಲಾ ಚಾನಲ್‌ನಲ್ಲೂ ಕೋದಂಡಪ್ಪ

ವೆಂಕಟೇಶಪ್ಪ: ಟಿವಿ ಅಂದ್ರೆ ಟಿವಿ, ಕಂಪ್ಯೂಟ್ರು ಅಂದ್ರೆ ಕಂಪ್ಯೂಟ್ರು. ಎರಡ್ನೂ ಒಂದೇ ನೊಗಕ್ಕೆ ಕಟ್ಟಿದ್ರೆ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾಯ್ತೈತೆ ಅಷ್ಟೇ.

ಶ್ಯಾಮಲ: ಕಟ್ಟಿ ಆಯ್ತಲ್ಲ ಮಾವ. ಎಳೀತಾನೂ ಇದೆ, ನೋಡಿ.

ವೆಂಕಟೇಶಪ್ಪ: ನಿನ್ ಕೆಲ್ಸ ಎಳೀತೈತೆ. ನನ್ ಕೆಲ್ಸ? ನಾನ್ ಟೊಮೇಟೊ ರೇಟು ನೋಡ್ಬೇಕು.

ಆದಿಲಕ್ಷ್ಮಮ್ಮ: (ಅಡುಗೆಮನೆಯಿಂದಲೇ) ಈ ಸಲ ನಾವು ಟೊಮೇಟೊ ಆಕೇ ಇಲ್ವಲ್ಲ. ನಿಂಗ್ಯಾಕೆ ರೇಟು?

ವೆಂಕಟೇಶಪ್ಪ: ಆಕಿದೋರು ಯೆಂಗ್ ಬಾಯ್ ಬಡ್ಕೊಂತಾವ್ರೆ ಅಂತ ನೋಡ್ಬ್ಯಾಡ್ವಾ?

ಬೆಳಿಗ್ಗೆಯಿಂದ ಆ ಮನೆಯಲ್ಲಿ ಇದೇ ರಾಮಾಯಣ. ಸೊಸೆ ಶ್ಯಾಮಲ ರಾಬರ್ಟ್‌ಸನ್‌ಪೇಟೆಯ ಫ್ಲೆಕ್ಸ್ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಬ್ಯಾನರ್ ತಯಾರಿಸಿ ಕೊಡುತ್ತಿದ್ದಳು. ಹುಟ್ಟುಹಬ್ಬ, ಗೃಹಪ್ರವೇಶ, ನಾಮಕರಣ, ತಿಥಿ, ಯಾವುದಾದರೂ ಸರಿ. ಹಿಂದಿನ ದಿನ ಅವಳ ಕಂಪ್ಯೂಟರಿನ ಮಾನಿಟರು ಒಮ್ಮೆ ಮಿಣುಕಿ ಕಣ್ಣು ಮುಚ್ಚಿತು. ಕೈಲಿ ಅವಸರದ ಕೆಲಸವಿತ್ತು. ಅವಳು ಹಿಂದೆಮುಂದೆ ನೋಡದೆ ಸಿಪಿಯುವಿನಿಂದ ಒಂದು ವೈರೆಳೆದು ನಡುಮನೆಯ ಗೋಡೆಯ ಟಿವಿಗೆ ಚುಚ್ಚಿದಳು. ಗಂಡ ನಂದಕುಮಾರ್ ಮಾರಿಕುಪ್ಪಂ ರೈಲು ಹತ್ತಿ ಫ್ಯಾಕ್ಟರಿಗೆ ಹೋಗಿ ಕತ್ತಲಾದ ಮೇಲೆ ಬರುವವನು. ಅವನಿಗೆ ಟಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೊಂದರೆಯಾದದ್ದು ಅವನ ತಂದೆ ವೆಂಕಟೇಶಪ್ಪನಿಗೆ. ಎಮ್ಮೆ ಹಾಲು ಕರೆದು ಡೈರಿಗೆ ಹಾಕಿ ಬಂದಮೇಲೆ ಟಿವಿಯ ಮುಂದೆ ಕೂತು ದೇಶದ ಎಲ್ಲರನ್ನೂ ಬೈದರೇ ಅವನಿಗೆ ತಿಂದದ್ದು ಜೀರ್ಣವಾಗುತ್ತಿದ್ದದ್ದು.

ಶ್ಯಾಮಲ: ಟಿವಿ ಕನ್ನಡಿ ಇದ್ದಂಗೆ ಮಾವ. ಎದುರಿಗೆ ಯಾರು ನಿಂತ್ರೆ ಅವರನ್ನ ತೋರಿಸುತ್ತೆ. ಕೇಬಲ್ ಪೆಟ್ಟಿಗೆ ನಿಂತ್ರೆ ನ್ಯೂಸು, ನನ್ ಕಂಪ್ಯೂಟರ್ ನಿಂತ್ರೆ ಬ್ಯಾನರ್ರು. ನಿಮಗೆ ನ್ಯೂಸ್ ಬೇಕಂದ್ರೆ ಈ ದೊಡ್ಡ ರಿಮೋಟಲ್ಲಿ ಸೋರ್ಸ್ ಅನ್ನೋ ಬಟನ್ ಒತ್ತಿ, ಎಚ್‌ಡಿಎಮ್‌ಐ ಒಂದು ಅಂತ ಹಾಕಿ. ಎಚ್‌ಡಿಎಮ್‌ಐ ಎರಡು ನಂದು.

ವೆಂಕಟೇಶಪ್ಪ: ಯಾವ ಎಮ್ಮೆ?

ಶ್ಯಾಮಲ: ಎಮ್ಮೆ ಅಲ್ಲ ಮಾವ, ಎಚ್‌ಡಿಎಮ್‌ಐ.

ವೆಂಕಟೇಶಪ್ಪ: ಕೊಟ್ಟಿಗೇಲಿರೋ ಒಂದಕ್ಕೇ ಹುಲ್ಲು ಒಂಚಕ್ಕಾಗ್ದೆ ಸಾಯ್ತಿವ್ನಿ, ನೀನು ಗೋಡೆ ಮ್ಯಾಲೆ ಎರಡು ಕಟ್ಟಿದ್ದೀಯಾ?

ಆದಿಲಕ್ಷ್ಮಮ್ಮ: ಅದ್ರಾಗೆ ಒಂದ್ರಾಗಾದ್ರೂ ನನ್ ಸೀರಿಯಲ್ ಬತ್ತೈತೇನಮ್ಮ? ಇವತ್ತು ಅತ್ತೆ ಸೊಸೆಗೆ ಇಸ ಆಕ್ತಾಳೆ.

ಶ್ಯಾಮಲ: ನೀವು ಅದನ್ನ ನೋಡದೇ ಇದ್ರೆ ನನಗೇ ಒಳ್ಳೇದು ಅತ್ತೆ.

ವೆಂಕಟೇಶಪ್ಪನಿಗೆ ಸೋರ್ಸೂ ಬೇಡವಾಗಿತ್ತು, ಎಮ್ಮೆಯ ನಂಬರೂ ಬೇಡವಾಗಿತ್ತು. "ನಂದು ಚಿಕ್ ರಿಮೋಟು. ಅಪ್ಪನ ಕಾಲ್ದಿಂದ ಚಾನಲ್ ಅದ್ರಾಗೇ ಬದಲಾಯ್ಸೋದು" ಎಂದು, ಅಪ್ಪನ ಕಾಲದಲ್ಲಿ ಮನೆಯಲ್ಲಿ ಕರೆಂಟೇ ಇರಲಿಲ್ಲವೆಂಬುದನ್ನು ಮರೆತು, ಕುಡುಗೋಲು ಹಿಡಿದು ಹುಲ್ಲಿಗೆ ಹೊರಟುಹೋದ.

ಅವನು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅತ್ತೆ ಸೊಸೆ ತುಟಿ ಬಿಗಿಹಿಡಿದು ನಿಂತಿದ್ದರು. ಅವಸರದ ಕೆಲಸ ಯಾರದೆಂದು ಇಬ್ಬರೂ ಅವನಿಗೆ ಹೇಳಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ಅದು ಆದಿಲಕ್ಷ್ಮಮ್ಮನ ಒಡಹುಟ್ಟಿದ ಅಣ್ಣ, ರೈಲು ಹಳಿಯಾಚೆಯ ಊರಿನ ಡೈರಿ ಪ್ರೆಸಿಡೆಂಟು ಕೋದಂಡಪ್ಪನ ಅರವತ್ತನೇ ಹುಟ್ಟುಹಬ್ಬದ ಬ್ಯಾನರು.

ವೆಂಕಟೇಶಪ್ಪನೂ ಕೋದಂಡಪ್ಪನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಭಾವ-ಭಾವಮೈದುನರಾದದ್ದು ಆಮೇಲೆ. ಏಳೆಂಟು ವರ್ಷದ ಕೆಳಗೆ ಒಂದು ದಿನ ವೆಂಕಟೇಶಪ್ಪ ಹಳಿ ದಾಟಿ ಹಾಲು ಹಾಕಲು ಹೋದಾಗ, ಕೋದಂಡಪ್ಪ ಕ್ಯಾನಿನೊಳಗೆ ಕೊಳವೆ ಬಿಟ್ಟು ನೋಡಿ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, "ಭಾವ, ನಿನ್ ಹಾಲಾಗೆ ಬೇತಮಂಗಲದ ಕೆರೆ ಕಾಣ್ತೈತಲ್ಲಯ್ಯ" ಎಂದುಬಿಟ್ಟ. ಅವನು ತಮಾಷೆಗೆಂದ. ಸಾಲು ನಕ್ಕಿತು. ಅವತ್ತಿನಿಂದ ವೆಂಕಟೇಶಪ್ಪ ಹಳಿ ದಾಟಿಲ್ಲ. ಎದುರು ದಿಕ್ಕಿನ ಡೈರಿಗೆ ಎರಡರಷ್ಟು ದೂರ ಸೈಕಲ್ ತುಳಿದು ಹಾಲು ಹಾಕುತ್ತಾನೆ. ಕೋದಂಡಪ್ಪನ ಹೆಸರು ಕಿವಿಗೆ ಬಿದ್ದರೆ ಎದ್ದು ಹೋಗಿ ಕಾಲು ತೊಳೆಯುತ್ತಾನೆ. ಆದಿಲಕ್ಷ್ಮಮ್ಮ ತವರಿಗೆ ಹೋಗಬೇಕಾದರೆ 'ಬಂಗಾರಪೇಟೆಗೆ ಕಣ್ಣು ತೋರಿಸಕ್ಕೆ' ಎಂದು ಹೇಳಿ ಹೋಗಬೇಕು. ಹಾಗೆ ತೋರಿಸಿ ತೋರಿಸಿ ಅವಳ ಕಣ್ಣು ಊರಿಗೇ ಚೆನ್ನಾಗಿದೆ ಎನ್ನುವ ಮಾತಿತ್ತು.

ಮಧ್ಯಾಹ್ನ ವೆಂಕಟೇಶಪ್ಪ ಹುಲ್ಲಿನ ಹೊರೆ ಇಳಿಸಿ ಒಳಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸೊಪ್ಪು ತರಲು ಹೋಗಿದ್ದಳು. ಸೊಸೆ ಯಾರ ಮನೆಗೋ ಪೆನ್‌ಡ್ರೈವ್ ತರಲು ಹೋಗಿದ್ದಳು. ಟಿವಿ ಮಾತ್ರ ಉರಿಯುತ್ತಿತ್ತು. ನೀರು ಕುಡಿಯುತ್ತಾ ಅದರ ಕಡೆ ನೋಡಿದ.

ಗೋಡೆಯ ತುಂಬ ಕೋದಂಡಪ್ಪ. ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಶಾಲು, ಮೀಸೆ ಕಪ್ಪಗೆ. ಸುತ್ತ ಸೇವಂತಿಗೆ ಹಾರ, ಎರಡೂ ಕಡೆ ಉರಿಯುವ ದೀಪ, ಮೂಲೆಯಲ್ಲೊಂದು ಪಾರಿವಾಳ. ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ.'

ಅವನು ಮೆಲ್ಲಗೆ ಚೊಂಬು ಕೆಳಗಿಟ್ಟ. ಕೈ ತಾನಾಗಿ ಹೋಗಿ ತಲೆಯ ಟವೆಲನ್ನು ತೆಗೆಯಿತು. ಆಮೇಲೆ ಚಿಕ್ಕ ರಿಮೋಟು ಹಿಡಿದು ಮುಂದಿನ ಚಾನಲ್ ಒತ್ತಿದ. ಕೋದಂಡಪ್ಪ. ಅದರ ಮುಂದಿನದು ಒತ್ತಿದ. ಕೋದಂಡಪ್ಪ. ಅಷ್ಟರಲ್ಲಿ ಪಕ್ಕದ ಮನೆಯ ಮುನಿಸ್ವಾಮಪ್ಪ ಸನಿಕೆ ಕೇಳಲು ಬಂದವನು ಬಾಗಿಲಲ್ಲೇ ಕಂಬವಾದ.

ಮುನಿಸ್ವಾಮಪ್ಪ: ಅಯ್ಯಯ್ಯೋ! ಪೋಯ್ನಾಡಾ? ನಿಮ್ ಭಾವ ಓಗ್ಬಿಟ್ನಾ?

ವೆಂಕಟೇಶಪ್ಪ: ಟಿವಿನಾಗೆ ಬಂದ್ಮ್ಯಾಲೆ ಇನ್ನೇನೈತ್ಲಾ.

ಮುನಿಸ್ವಾಮಪ್ಪ: ಡೈರಿ ಪ್ರೆಸಿಡೆಂಟ್ ಸತ್ರೆ ಟಿವಿನಾಗೆ ಆಕ್ತಾರಾ?

ವೆಂಕಟೇಶಪ್ಪ: ಒಂದ್ ಟಿವಿನಾಗಲ್ಲ ಕಣ್ಲಾ. ಎಲ್ಲಾ ಚಾನಲ್‌ನಾಗೂ ಅವನೇ. ನೋಡು. ಇಗಾ. ಇಗಾ.

ಮುನಿಸ್ವಾಮಪ್ಪ: ತೆಲುಗುದು ಆಕು.

ವೆಂಕಟೇಶಪ್ಪ: ಇದೇ ತೆಲುಗು.

ಮುನಿಸ್ವಾಮಪ್ಪ: ಕನ್ನಡದಾಗೇ ಬರ್ದವ್ರಲ್ಲ?

ವೆಂಕಟೇಶಪ್ಪ: ನಮ್ಮೋನು ಅಂತ ಗೌರವ ಕೊಟ್ಟವ್ರೆ.

ಮುನಿಸ್ವಾಮಪ್ಪ: ತಮಿಳು?

ವೆಂಕಟೇಶಪ್ಪ: (ಒತ್ತಿ) ಅಲ್ಲೂ ಅವನೇ. ಸಿನಿಮಾ ಚಾನಲ್‌ನಾಗೂ ಅವನೇ. ಮಕ್ಕಳು ನೋಡೋ ಬೊಂಬೆ ಚಾನಲ್‌ನಾಗೂ ಅವನೇ ಕಣ್ಲಾ!

ಮುನಿಸ್ವಾಮಪ್ಪ: ಇಷ್ಟ್ ದೊಡ್ ಮನ್ಸ ಅಂತ ನಮ್ಗ್ ಗೊತ್ತೇ ಆಗ್ಲಿಲ್ವಲ್ಲಪ್ಪೋ. ಮೊನ್ನೆ ನನ್ ಪಕ್ಕ ಕುಂತ್ಕೊಂಡು ಬೋಂಡ ತಿಂದ. ಸೌಂಡ್ ಜಾಸ್ತಿ ಮಾಡು, ಏನಾಯ್ತು ಅಂತ ಯೋಳ್ತಾರೆ.

ವೆಂಕಟೇಶಪ್ಪ: ಮಾಡ್ದೆ. ಪೂರ್ತಿ ಇಟ್ಟಿವ್ನಿ. ಸೌಂಡೇ ಬತ್ತಿಲ್ಲ.

ಮುನಿಸ್ವಾಮಪ್ಪ: (ದನಿ ತಗ್ಗಿಸಿ) ಬರಲ್ಲ ಸುಮ್ಕಿರು. ಮೌನ ಆಚರಿಸ್ತಾ ಅವ್ರೆ.

ಇಬ್ಬರೂ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಮೌನ ಮುಗಿಯಲಿಲ್ಲ. ದೊಡ್ಡವರ ಮೌನ ಉದ್ದವೇ ಇರುತ್ತದೆಂದು ಸಮಾಧಾನ ಮಾಡಿಕೊಂಡು ಕೂತರು. ಆಗ ಮುನಿಸ್ವಾಮಪ್ಪನ ಕಣ್ಣಿಗೆ ಕೋದಂಡಪ್ಪನ ಮೂಗಿನ ತುದಿಯಲ್ಲಿ ನಿಂತಿದ್ದ ಒಂದು ಸಣ್ಣ ಬಿಳಿ ಬಾಣ ಬಿತ್ತು. ಶ್ಯಾಮಲ ಮೌಸನ್ನು ಅಲ್ಲಿಗೆ ಬಿಟ್ಟು ಎದ್ದು ಹೋಗಿದ್ದಳು.

ಮುನಿಸ್ವಾಮಪ್ಪ: ಬಾಣ ಆಕಿ ತೋರಿಸ್ತಾವ್ರೆ ನೋಡು. ಅಲ್ಲೇ ಆಗಿರೋದು ಏನಾಗಿದ್ರೂ.

ವೆಂಕಟೇಶಪ್ಪ: ಮೂಗ್ನಾಗೆ ಏನಾಯ್ತೈತ್ಲಾ?

ಮುನಿಸ್ವಾಮಪ್ಪ: ಉಸ್ರು! ಉಸ್ರು ನಿಲ್ಲೋದು ಇನ್ನೆಲ್ಲಿ, ಮೊಣಕಾಲ್ನಾಗಾ?

ವೆಂಕಟೇಶಪ್ಪ ತನ್ನ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಮುನಿಸ್ವಾಮಪ್ಪ: ಒಂದ್ ಫೋನ್ ಮಾಡಿ ಕೇಳ್ಬಾರ್ದಾ?

ವೆಂಕಟೇಶಪ್ಪ: ಯಾರ್ಗೆ? ಸತ್ತೋನ್ಗಾ?

ಮುನಿಸ್ವಾಮಪ್ಪ: ಅವ್ರ ಮನೇಗೆ ಕಣಪ್ಪ.

ವೆಂಕಟೇಶಪ್ಪ: ನಂಬ್ರು ಯಾವತ್ತೋ ಅಳಿಸಾಕಿವ್ನಿ. ನೀನ್ ಮಾಡು.

ಮುನಿಸ್ವಾಮಪ್ಪ: ನನ್ ಫೋನ್‌ನಾಗೆ ಬರೋದ್ ಬತ್ತೈತೆ, ಓಗೋದ್ ಓಗಲ್ಲ. ನಾನೇ ಗಾಡಿ ತಗೊಂಡು ಓಗ್ತೀನಿ. ಬಂಗಾರಪೇಟೆ ಬಸ್‌ಸ್ಟ್ಯಾಂಡ್ ತಾವ ಒಂದ್ ಒಳ್ಳೆ ಆರ ಕಟ್ಟಿಸ್ಕೊಂಡು, ನಿನ್ ಎಸ್ರಾಗೂ ಆಕ್ಬಿಡ್ತೀನಿ. ನೀನೇನ್ ಬರಲ್ಲ, ಅಲ್ವಾ?

ವೆಂಕಟೇಶಪ್ಪ 'ಬರಲ್ಲ' ಎನ್ನಲು ಬಾಯಿ ತೆರೆದ. ಆಮೇಲೆ ಕೈಲಿದ್ದ ಟವೆಲನ್ನು ಮಡಿಸತೊಡಗಿದ. ಮುನಿಸ್ವಾಮಪ್ಪ ಉತ್ತರಕ್ಕೆ ಕಾಯದೆ ಹೊರಟ. ಸಾವಿನ ಸುದ್ದಿ ಮುಟ್ಟಿಸುವುದರಲ್ಲಿ ಅವನಿಗಿಂತ ಮುಂದೆ ಯಾರೂ ಹೋಗಬಾರದು.

ಒಬ್ಬನೇ ಕೂತಮೇಲೆ ವೆಂಕಟೇಶಪ್ಪನಿಗೆ ಒಂದು ವಿಚಿತ್ರವಾಯಿತು. ಇಷ್ಟು ವರ್ಷ ಮನಸ್ಸಿನಲ್ಲೇ ಕೋದಂಡಪ್ಪನ ಜೊತೆ ಜಗಳವಾಡಿ, ಅವನಿಗೆ ಏನೇನು ಹೇಳಬೇಕೆಂದು ಒಂದೊಂದು ಮಾತನ್ನೂ ಕಲ್ಲಿಗೆ ಉಜ್ಜಿ ಚೂಪು ಮಾಡಿಟ್ಟಿದ್ದ. ಈಗ ಅಷ್ಟೂ ಮಾತು ದಂಡವಾಯಿತು. ಬೈಯಬೇಕಾದವನು ಬೈಸಿಕೊಳ್ಳದೆ ಹೊರಟುಹೋದ. ಅದಕ್ಕಿಂತ ಹೆಚ್ಚಾಗಿ, ಎದೆಯೊಳಗೆ ಯಾರೋ ಹಿಂಡಿದಂತಾಗುತ್ತಿತ್ತು. ಅದಕ್ಕೆ ಅವನ ಒಪ್ಪಿಗೆ ಯಾರೂ ಕೇಳಿರಲಿಲ್ಲ.

ಹೀಗೇ ಗಂಟೆಗೂ ಮೀರಿ ಕೂತಿದ್ದಾಗ ಬಾಗಿಲ ಹೊರಗೆ ಹೆಂಡತಿಯ ಚಪ್ಪಲಿ ಸದ್ದು. ಇವಳಿಗೆ ಹೇಗೆ ಹೇಳುವುದು? ಅವನು ದಡಬಡ ಎದ್ದು ಮಂಚದ ಮೇಲಿನ ದುಪ್ಪಟಿ ಎಳೆದು ಟಿವಿಗೆ ಹೊದ್ದಿಸಿದ.

ಆದಿಲಕ್ಷ್ಮಮ್ಮ: (ಸೊಪ್ಪಿನ ಚೀಲ ಇಳಿಸಿ) ಅದ್ಯಾಕೆ ಟಿವಿಗೆ ದುಪ್ಪಟಿ ಒದ್ದಿಸಿದ್ದೀಯ? ಜ್ವರ ಬಂದೈತಾ?

ವೆಂಕಟೇಶಪ್ಪ: ಲಕ್ಷ್ಮೀ, ಕುಂತ್ಕೊ. ಒಂದ್ ಲೋಟ ನೀರ್ ಕುಡಿ.

ಮದುವೆಯಾದಾಗಿನಿಂದ ಗಂಡ ಅವಳಿಗೆ ಕೂತುಕೊಂಡು ನೀರು ಕುಡಿ ಎಂದದ್ದಿಲ್ಲ. ಅವಳು ದುಪ್ಪಟಿ ನೋಡಿದಳು, ಗಂಡನ ಮುಖ ನೋಡಿದಳು. ಕಳ್ಳತನ ಸಿಕ್ಕಿಬಿದ್ದಿತೆಂದು ಅವಳಿಗೆ ಖಚಿತವಾಯಿತು.

ಆದಿಲಕ್ಷ್ಮಮ್ಮ: ನಮ್ಮಣ್ಣನ್ನ ನೋಡ್ಬಿಟ್ಯಾ?

ವೆಂಕಟೇಶಪ್ಪ: ನೋಡ್ದೆ. ನಿಂಗ್ ಮುಂಚೇನೇ ಗೊತ್ತಿತ್ತಾ?

ಆದಿಲಕ್ಷ್ಮಮ್ಮ: ಓದ ವಾರ್ದಿಂದ್ಲೂ ಗೊತ್ತು.

ವೆಂಕಟೇಶಪ್ಪ: ಓದ ವಾರವೇ! ನಂಗ್ಯಾಕ್ ಯೋಳ್ಲಿಲ್ಲ?

ಆದಿಲಕ್ಷ್ಮಮ್ಮ: ಯೋಳಿದ್ರೆ ಕುಣೀತೀಯ ಅಂತ.

ವೆಂಕಟೇಶಪ್ಪ: ನಾನ್ ಕುಣೀತೀನಾ? ಅಷ್ಟು ಕಟುಕನಾ ನಾನು?

ಅವನ ದನಿ ಒಡೆದದ್ದು ಕೇಳಿ ಆದಿಲಕ್ಷ್ಮಮ್ಮ ಬೆರಗಾದಳು. ಇವತ್ತು ಗಾಳಿ ಬೇರೆ ಕಡೆಯಿಂದ ಬೀಸುತ್ತಿದೆ. ಇದೇ ಹೊತ್ತೆಂದು ಎಲ್ಲವನ್ನೂ ಬಿಚ್ಚಿದಳು.

ಆದಿಲಕ್ಷ್ಮಮ್ಮ: ಶುಕ್ರವಾರ ಮಾಡ್ತಾವ್ರೆ.

ವೆಂಕಟೇಶಪ್ಪ: ಶುಕ್ರವಾರದ ತನ್ಕಾ? ಈ ಬಿಸ್ಲಾಗೆ ಯೆಂಗ್ ಇಡ್ತಾರೆ?

ಆದಿಲಕ್ಷ್ಮಮ್ಮ: ಬಿಸ್ಲಾದ್ರೇನು, ಶಾಮಿಯಾನ ಆಕಿಸ್ತಾರೆ. ಹೊಸಕೋಟೆಯಿಂದ್ಲೂ ಜನ ಬರ್ಬೇಕಲ್ಲ.

ವೆಂಕಟೇಶಪ್ಪ: ಐಸ್ ಪೆಟ್ಗೆ ಯೋಳವ್ರಾ?

ಆದಿಲಕ್ಷ್ಮಮ್ಮ: ಐಸೂ ಐತೆ. ಬಾದಾಮಿ ಐಸ್‌ಕ್ರೀಮು, ಒಬ್ಬೊಬ್ರಿಗೂ ಒಂದೊಂದ್ ಕಪ್ಪು. ಊರಿಗಾಂನಿಂದ ತಮಟೆಯೋರು ಬತ್ತಾರೆ. ಪಟಾಕಿ ಬ್ಯಾರೆ.

ವೆಂಕಟೇಶಪ್ಪ: ತಮಟೆ ಪಟಾಕಿ ಸರಿ, ಅದು ನಡ್ಕೊಂಡ್ ಬಂದಿರೋದು. ಐಸ್‌ಕ್ರೀಮ್ ಮಾತ್ರ ನಾನ್ ಕಂಡಿಲ್ಲಮ್ಮ.

ಆದಿಲಕ್ಷ್ಮಮ್ಮ: ಕುದ್ರೆ ಗಾಡಿ ಮ್ಯಾಲೆ ಕೂರ್ಸಿ ಊರೆಲ್ಲ ಮೆರವಣಿಗೆ ಮಾಡ್ತಾರೆ.

ವೆಂಕಟೇಶಪ್ಪ: ಕೂರ್ಸೇ ಕರ್ಕೊಂಡೋಗ್ತಾರಾ? ಮಲಗಿಸಲ್ವಾ?

ಆದಿಲಕ್ಷ್ಮಮ್ಮ: ಮಲಗಿಸಿದ್ರೆ ಜನಕ್ಕೆ ಯೆಂಗ್ ಕಾಣ್ತಾನೆ?

ಅದೂ ನಿಜವೆನಿಸಿತು ವೆಂಕಟೇಶಪ್ಪನಿಗೆ.

ವೆಂಕಟೇಶಪ್ಪ: ನಿಮ್ಮತ್ತಿಗೆ ಯೆಂಗವ್ಳೆ? ಪಾಪ.

ಆದಿಲಕ್ಷ್ಮಮ್ಮ: ಪಾಪ ಯಾಕೆ? ಕೆಂಪಂಚಿನ ರೇಷ್ಮೆ ಸೀರೆ ತಗೊಂಡವ್ಳೆ, ಕೈತುಂಬ ಬಳೆ. ಈ ದಿನ ಬರ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಅಂತ ಸಿಕ್ಕಿದೋರ್ಗೆಲ್ಲ ಯೋಳ್ಕೊಂಡು ನಗ್ತಾ ಓಡಾಡ್ತಾವ್ಳೆ.

ವೆಂಕಟೇಶಪ್ಪ ಹೆದರಿದ. ಒಬ್ಬ ಗಂಡಸು ಡೈರಿಗಾಗಿ ಜೀವ ಸವೆಸಿದ್ದಕ್ಕೆ ಮನೆಯಲ್ಲಿ ಸಿಗುವ ಬೆಲೆ ಇದೇನಾ? ಒಂದು ಗಳಿಗೆ ಅವನು ತನ್ನ ಹೆಂಡತಿಯನ್ನೂ ಅನುಮಾನದಿಂದ ನೋಡಿದ. ಆಮೇಲೆ ದುಃಖವೇ ಮೇಲುಗೈ ಆಯಿತು. ಯಾರೂ ಅಳದಿದ್ದರೆ ತಾನಾದರೂ ಅಳಬೇಡವೇ? ಟವೆಲಿಗೆ ಕಣ್ಣೊರೆಸಿಕೊಂಡ.

ವೆಂಕಟೇಶಪ್ಪ: ಯಾರ್ ಏನಾರ ಅಂದ್ಕೊಳ್ಳಿ ಲಕ್ಷ್ಮೀ. ಟಿಕೀಟಿಲ್ದೆ ಮಾರಿಕುಪ್ಪಂ ರೈಲ್ ಹತ್ತಿ ಸಿಕ್ಕಾಕ್ಕೊಂಡಾಗ, ಮೇಷ್ಟ್ರ ತಾವ ನನ್ ಪಾಲಿನ ಏಟೂ ಅವನೇ ತಿಂದ. ನಮ್ಮಪ್ಪ ಆಸ್ಪತ್ರೆನಾಗಿದ್ದಾಗ ನಮ್ ಎಮ್ಮೆ ಹಾಲು ಕರೆದೋನು ಅವನು. ಈ ಸೀಮೆನಾಗೆ ಚಿನ್ನ ಎಲ್ಲ ಅಗ್ದು ಮುಗೀತು ಅಂತಾರೆ. ಒಂದ್ ಗಟ್ಟಿ ಮ್ಯಾಲೇ ಓಡಾಡ್ತಿತ್ತು. ಅದನ್ನ ನಾನ್ ಕಂಡೂ ಕಾಣ್ದಂಗಿದ್ದೆ.

ಆದಿಲಕ್ಷ್ಮಮ್ಮನ ಕಣ್ಣೂ ತುಂಬಿತು. ಈ ಮಾತಿಗಾಗಿ ಅವಳು ಎಷ್ಟು ದೇವರಿಗೆ ಕಾಯಿ ಒಡೆದಿದ್ದಳೋ.

ಆದಿಲಕ್ಷ್ಮಮ್ಮ: ಇದನ್ನ ಶುಕ್ರವಾರ ಅವನ ಮುಂದೇನೇ ಯೋಳು.

ವೆಂಕಟೇಶಪ್ಪ: ಯೋಳ್ತೀನಿ. ಕಿವಿ ತಾವ ಬಗ್ಗಿ ಯೋಳ್ತೀನಿ. ಕೇಳಿಸ್ದಿದ್ರೂ ಪರ್ವಾಗಿಲ್ಲ.

ಆದಿಲಕ್ಷ್ಮಮ್ಮ: ಯಾಕ್ ಕೇಳಿಸಲ್ಲ? ಅವನ ಕಿವಿ ನೆಟ್ಟಗೇ ಐತೆ. ಕೇಕ್ ಕಟ್ ಮಾಡೋವಾಗ ಪಕ್ಕದಾಗ್ ನಿಂತ್ಕೊಂಡು ಯೋಳು.

ವೆಂಕಟೇಶಪ್ಪ: ಕೇಕಾ? ಯಾರ್ ಕಟ್ ಮಾಡ್ತಾರೆ?

ಆದಿಲಕ್ಷ್ಮಮ್ಮ: ಇನ್ಯಾರು? ಹುಟ್ಟುಹಬ್ಬ ಅವನ್ದು, ನೀನ್ ಮಾಡ್ತೀಯಾ?

ಆಗಲೇ ಶ್ಯಾಮಲ ಪೆನ್‌ಡ್ರೈವ್ ಹಿಡಿದು ಒಳಗೆ ಬಂದವಳು, "ಅಯ್ಯೋ, ಟಿವಿ ಬಿಸಿಯಾಗಿಬಿಡುತ್ತೆ, ಇದನ್ಯಾರು ಹೊದ್ದಿಸಿದ್ದು?" ಎಂದು ದುಪ್ಪಟಿ ಎಳೆದಳು. ಹಾರ, ದೀಪ, ಪಾರಿವಾಳಗಳ ನಡುವೆ ಕೋದಂಡಪ್ಪ ಪ್ರತ್ಯಕ್ಷನಾದ. ಆದಿಲಕ್ಷ್ಮಮ್ಮ ಓದಿ ಎದೆ ಹಿಡಿದುಕೊಂಡಳು.

ಆದಿಲಕ್ಷ್ಮಮ್ಮ: ಅಯ್ಯೋ ದೇವುಡಾ! ಹುಟ್ಟುಹಬ್ಬ ಮಾಡು ಅಂದ್ರೆ ನಮ್ಮಣ್ಣನ್ನ ಸಾಯ್ಸಿಬಿಟ್ಟಿದ್ದೀಯಲ್ಲೇ!

ಶ್ಯಾಮಲ: ಇಲ್ಲ ಅತ್ತೆ, ಇದು ಹೋದ ವಾರ ಬೇರೆಯವರಿಗೆ ಮಾಡಿದ್ದು. ಅದರ ಮೇಲೇ ನಿಮ್ಮಣ್ಣನ ಫೋಟೋ ಕೂರಿಸಿ, ದೂರದಿಂದ ಹೆಂಗೆ ಕಾಣುತ್ತೆ ಅಂತ ದೊಡ್ಡದು ಮಾಡಿದ್ದೆ. ಅಕ್ಷರ, ದೀಪ ಎಲ್ಲ ಬದಲಾಯಿಸಬೇಕಿತ್ತು.

ವೆಂಕಟೇಶಪ್ಪ: ಅಂಗಾದ್ರೆ ಎಲ್ಲಾ ಚಾನಲ್‌ನಾಗೂ ಅವನ್ಯಾಕೆ ಬಂದ?

ಶ್ಯಾಮಲ: ಚಿಕ್ಕ ರಿಮೋಟು ಕೇಬಲ್ ಪೆಟ್ಟಿಗೆದು ಮಾವ. ಟಿವಿ ಈಗ ಪೆಟ್ಟಿಗೆ ಮಾತು ಕೇಳ್ತಿಲ್ಲ, ನನ್ ಕಂಪ್ಯೂಟರ್ ಮಾತು ಕೇಳ್ತಾ ಇದೆ. ನೀವು ಚಾನಲ್ ಬದಲಾಯಿಸಿದ್ದೆಲ್ಲ ಕಣ್ಣಿಗೆ ಬೀಳ್ದೆ ಒಳಗೇ ಆಗಿದೆ.

ಕೋದಂಡಪ್ಪ ಸತ್ತಿಲ್ಲ. ವೆಂಕಟೇಶಪ್ಪನಿಗೆ ಮೊದಲು ಒಂದು ದೊಡ್ಡ ನಿಟ್ಟುಸಿರು ಬಂತು. ಅದರ ಹಿಂದೆಯೇ ತಾನು ಆಡಿದ ಮಾತೆಲ್ಲ ನೆನಪಾಗಿ ಕಿವಿ ಕೆಂಪಾಯಿತು. ಅದರ ಹಿಂದೆ ಇನ್ನೊಂದು ನೆನಪಾಗಿ ಬಾಗಿಲಿಗೆ ಹೋಗಿ ಬೀದಿ ನೋಡಿದ.

ವೆಂಕಟೇಶಪ್ಪ: ಮುನಿಸ್ವಾಮಪ್ಪ ಆರ ತಗೊಂಡ್ ಓಗವ್ನೆ.

ಆದಿಲಕ್ಷ್ಮಮ್ಮ: ಎಲ್ಲಿಗೆ?

ಉತ್ತರ ಬೀದಿಯಿಂದಲೇ ಬಂತು. ಒಂದು ಮೊಪೆಡ್ಡು ಬಂದು ಬಾಗಿಲಿಗೆ ಗುದ್ದಿದಂತೆ ನಿಂತಿತು. ಅದರ ಹ್ಯಾಂಡಲಿಗೆ ಆಳುದ್ದದ ಸೇವಂತಿಗೆ ಹಾರ. ಹಿಂದಿನ ಸೀಟಿನಲ್ಲಿ ಮುನಿಸ್ವಾಮಪ್ಪ, ಪೊಲೀಸರು ಹಿಡಿದು ತಂದವನಂತೆ ಮುದುಡಿ ಕೂತಿದ್ದ. ಮುಂದೆ ಕೋದಂಡಪ್ಪ. ಆ ಹೊಸ್ತಿಲು ತುಳಿಯದೆ ಎಷ್ಟು ಕಾಲವಾಗಿತ್ತೆಂಬುದು ಸಿಟ್ಟಿನಲ್ಲಿ ಅವನಿಗೆ ಮರೆತೇಹೋಗಿತ್ತು.

ಕೋದಂಡಪ್ಪ: ಯಾವನ್ಲಾ ನನ್ನ ಸಾಯ್ಸಿದೋನು? ಮುದ್ದೆ ಮುರೀತಾ ಕುಂತಿದ್ದೆ. ಈವಯ್ಯ ಆರ ಇಡ್ಕೊಂಡು ಬಂದು, ನನ್ ನೋಡಿ ದೆವ್ವ ಅಂತ ಕೂಗ್ಕೊಂಡು ಬಾವಿ ತಾವ್ಕೆ ಓಡ್ದ!

ಮುನಿಸ್ವಾಮಪ್ಪ: ತಮಿಳ್ ಚಾನಲ್‌ನಾಗೂ ಬಂದಿತ್ತಣ್ಣ. ನಂಬ್ದೆ ಏನ್ ಮಾಡ್ಲಿ?

ಕೋದಂಡಪ್ಪ: ಬರ್ತಾ ದಾರಿನಾಗೆ ಊರ್ಗೆಲ್ಲ ಯೋಳ್ಕೊಂಡು ಬಂದವ್ನೆ. ಯಾರಾದ್ರೂ ಅಳ್ತಾ ಬಂದ್ರಾ? ಒಬ್ಬ ಬಂದ. ನಾನ್ ಕೊಟ್ಟಿದ್ದ ಔಷಧಿ ಒಡಿಯೋ ಮಿಷನ್ನು ಇನ್ಮ್ಯಾಲೆ ನಾನೇ ಮಡಿಕೊಳ್ಳಾ ಅಂತ ಕೇಳಕ್ಕೆ. ವೈಸ್ ಪ್ರೆಸಿಡೆಂಟು ಮನೇಗೂ ಬರ್ಲಿಲ್ಲ. ಸೀದಾ ಡೈರಿಗ್ ಓಗಿ ನನ್ ಕುರ್ಚಿನಾಗೆ ಕುಂತು ಅಳತೆ ನೋಡ್ತಾ ಅವ್ನೆ!

ಹೇಳುತ್ತಲೇ ಅವನ ಕಣ್ಣು ಗೋಡೆಯ ಮೇಲೆ ಬಿತ್ತು. ಸಿಟ್ಟು ಅಲ್ಲೇ ನಿಂತಿತು. ಅವನು ಹತ್ತಿರ ಹೋಗಿ ತನ್ನನ್ನು ತಾನು ಮೇಲಿನಿಂದ ಕೆಳಗೆ ನೋಡಿದ.

ಕೋದಂಡಪ್ಪ: ಮೀಸೆ ನೀನೇ ಕಪ್ಪು ಮಾಡಿದ್ದೇನಮ್ಮ?

ಶ್ಯಾಮಲ: ಹೌದು ಮಾವ. ಕ್ಷಮಿಸಿ, ಈಗಲೇ ಎಲ್ಲಾ ತೆಗೀತೀನಿ.

ಕೋದಂಡಪ್ಪ: ಶ್ರದ್ಧಾಂಜಲಿ ತೆಗಿ. ಮೀಸೆ ಇರ್ಲಿ.

ಶ್ಯಾಮಲ ಕೂತು ಮೌಸು ಹಿಡಿದಳು. ದೀಪ ಆರಿತು, ಪಾರಿವಾಳ ಹಾರಿಹೋಯಿತು, ಮೇಲೆ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಬಂತು. ವೆಂಕಟೇಶಪ್ಪ ಅಷ್ಟು ಹೊತ್ತೂ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಆದಿಲಕ್ಷ್ಮಮ್ಮನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ.

ಆದಿಲಕ್ಷ್ಮಮ್ಮ: ಅಣ್ಣ, ಯಾರೂ ಅಳ್ಲಿಲ್ಲ ಅಂದ್ಯಲ್ಲ. ಇಲ್ಲೊಬ್ರು ಅತ್ರು.

ವೆಂಕಟೇಶಪ್ಪ: ಯಾರ್ ಅತ್ರು? ಟಿವಿ ಬೆಳಕು ಕಣ್ಣಿಗೊಡೀತು.

ಆದಿಲಕ್ಷ್ಮಮ್ಮ: ದುಪ್ಪಟಿ ಒದ್ದಿಸ್ಕೊಂಡಿದ್ದ ಟಿವಿನಾ? ಚಿನ್ನದ ಗಟ್ಟಿ ಅಂದ ಅಣ್ಣ. ಮ್ಯಾಲೇ ಓಡಾಡ್ತಿತ್ತು, ಕಂಡೂ ಕಾಣ್ದಂಗಿದ್ದೆ ಅಂದ. ಟವೆಲ್ ಇಂಡಿದ್ರೆ ನೀರ್ ಬತ್ತೈತೆ, ನೋಡು ಬೇಕಾರೆ.

ಕೋದಂಡಪ್ಪ ನಿಧಾನವಾಗಿ ತಿರುಗಿದ. ಭಾವನ ಟವೆಲನ್ನು ನೋಡಿ, ಮತ್ತೆ ಟಿವಿಯ ಕಡೆಗೆ ಬೆರಳು ತೋರಿಸಿದ.

ಕೋದಂಡಪ್ಪ: (ಶ್ಯಾಮಲಳಿಗೆ) ಕೆಳಗಡೆ ಶುಭ ಕೋರುವವರು ಅಂತ ಐತಲ್ಲಮ್ಮ, ಅಲ್ಲಿ ಮೊದಲ್ನೇ ಫೋಟೋ ನಿಮ್ಮಾವಂದು ಆಕು.

ವೆಂಕಟೇಶಪ್ಪ: ನಾನೇನೂ ಕೋರಿಲ್ಲ.

ಕೋದಂಡಪ್ಪ: ಶಾಂತಿ ಕೋರಿದ್ಯಲ್ಲ, ಅದ್ರ ಬದ್ಲು ಶುಭ ಅಂತ ಇರ್ಲಿ.

ಶ್ಯಾಮಲ ಪುಟ್ಟದೊಂದು ಫೋಟೋ ಎಳೆದು ತಂದು ಕೂರಿಸಿದಳು. ವೆಂಕಟೇಶಪ್ಪ ಓರೆಗಣ್ಣಲ್ಲಿ ನೋಡಿ, ಮೆಲ್ಲಗೆ ಒಂದು ಹೆಜ್ಜೆ ಮುಂದೆ ಬಂದ.

ವೆಂಕಟೇಶಪ್ಪ: ಅಷ್ಟ್ ಚಿಕ್ದಾ? ರೈಲ್‌ನಾಗ್ ಓಗೋರ್ಗೆ ಕಾಣ್ಬ್ಯಾಡ್ವಾ?

ಶ್ಯಾಮಲ: ಸಾಕಾ ಮಾವ?

ವೆಂಕಟೇಶಪ್ಪ: ಇನ್ನೊಂಚೂರು.

ಕೋದಂಡಪ್ಪ: ನಿಲ್ಸಮ್ಮ, ನಿಲ್ಸು! ಹುಟ್ಟುಹಬ್ಬ ಯಾರ್ದು ಅಂತ ಜನಕ್ಕೆ ಅನುಮಾನ ಬತ್ತೈತೆ.

ಮುನಿಸ್ವಾಮಪ್ಪನಿಗೆ ಆಗ ಜೀವ ಬಂತು, ನಕ್ಕ. ಆದಿಲಕ್ಷ್ಮಮ್ಮ ಕಾಫಿಗೆ ಒಲೆ ಹಚ್ಚಲು ಒಳಗೆ ಹೋದಳು. ಕೋದಂಡಪ್ಪ ಮಂಚದ ತುದಿಯಲ್ಲಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ. ವೆಂಕಟೇಶಪ್ಪ ಬೇಡವೆನ್ನುವಂತೆ ಮುಖ ಮಾಡಿಕೊಂಡೇ ಕೂತ.

ಕೋದಂಡಪ್ಪ: (ಪಿಸುದನಿಯಲ್ಲಿ) ಲೇ ಯೆಂಕ್ಟೇಶ, ಆ ಚಿನ್ನದ ಗಟ್ಟಿ ಮಾತು. ಒಂದ್ಸಲ ನನ್ ಮುಂದೆ ಯೋಳ್ಲಾ.

ವೆಂಕಟೇಶಪ್ಪ: ಅದು ಸತ್ತೋರ್ಗೆ ಯೋಳೋ ಮಾತು. ಬದುಕಿರೋರ್ಗೆ ಯೋಳಿದ್ರೆ ನಾಲ್ಗೆ ಸುಡ್ತೈತೆ. ಬೇಕಂದ್ರೆ ಇನ್ನೊಂದ್ಸಲ ಸಾಯಿ, ಯೋಳ್ತೀನಿ.

ಕೋದಂಡಪ್ಪ: ಆಯ್ತಪ್ಪ, ಸಾಯ್ತೀನಿ. ಆದ್ರೆ ಈ ಸಲ ಮುಂಚೇನೇ ಒಂದ್ ಮಾತ್ ಯೋಳಿ ಕಳ್ಸು. ನಾನೂ ಬಂದು ಮುಂದ್ಗಡೆ ಕುಂತ್ಕೊಂಡು ಕೇಳ್ತೀನಿ.